ತೀವ್ರವಾಗಿ ಗಾಯಗೊಂಡ ಯೋಧರ ಆರೈಕೆ, ಪಿಂಚಣಿ ಮತ್ತು ನಮ್ಮ ನೋಟ: ಪದೇ ಪದೇ ಕೇಳುವ ಪ್ರಶ್ನೆಗಳು

ಮಾಜಿ ಸೈನಿಕರಿಗೆ ಅರ್ಜಿ, ಮನವಿ, ಮೇಲ್ಮನವಿಗಳನ್ನು ಬರೆದುಕೊಡುವ ಕೆಲಸದಲ್ಲಿ ಕೆಲವು ವರ್ಷಗಳಿಂದ ತೊಡಗಿರುವ ನನಗೆ ಕೆಲವು ಪ್ರಶ್ನೆಗಳು ಮತ್ತೆ ಮತ್ತೆ ಎದುರಾಗುತ್ತವೆ. ಮದುವೆ ಮನೆಯ ಪಂಕ್ತಿಯಲ್ಲಿ, ಬಸ್ಸಿನಲ್ಲಿ, ಓದುಗರ ಪತ್ರಗಳಲ್ಲಿ, ಕೆಲವೊಮ್ಮೆ ಗಾಯಾಳುಗಳ ಮನೆಯವರ ಬಾಯಲ್ಲಿಯೇ ಕೇಳಿದ ಆ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲಿಯೇ ಇಲ್ಲಿ ಇಟ್ಟಿದ್ದೇನೆ. ಭಾರತದ ಸೇನಾಪಡೆಗಳಲ್ಲಿದ್ದು ಕೈಕಾಲು, ಕಣ್ಣು ಅಥವಾ ಬೆನ್ನುಹುರಿಯ ಬಲ ಕಳೆದುಕೊಂಡವರ ವಿಷಯಕ್ಕೆ ಉತ್ತರಗಳನ್ನು ಸೀಮಿತಗೊಳಿಸಿದ್ದೇನೆ.

## ಮೊದಲ ಪ್ರಶ್ನೆಗಳು

ಯುದ್ಧ ನಡೆದು ಎಷ್ಟೋ ವರ್ಷ ಆಯ್ತಲ್ಲ, ಈಗ ಗಾಯಾಳುಗಳು ಎಲ್ಲಿಂದ ಬರ್ತಾರೆ?

ಯುದ್ಧ ಮುಗಿದರೂ ಗಾಯ ಮುಗಿಯುವುದಿಲ್ಲ. 1999ರ ಕಾರ್ಗಿಲ್ ಕದನದಲ್ಲಿ ಅಧಿಕೃತ ಲೆಕ್ಕದ ಪ್ರಕಾರ 527 ಮಂದಿ ಮಡಿದರು, 1,363 ಮಂದಿ ಗಾಯಗೊಂಡರು. ಆಗ ಇಪ್ಪತ್ತೈದರ ಆಸುಪಾಸಿನಲ್ಲಿದ್ದವರು ಇಂದು ಐವತ್ತು ದಾಟಿದ್ದಾರೆ, ಮತ್ತು ಕತ್ತರಿಸಿದ ಕಾಲಿನ ನೋವಿಗೆ ಈಗ ಮಂಡಿನೋವು, ಸೊಂಟನೋವುಗಳೂ ಸೇರಿಕೊಂಡಿವೆ. ಇದಲ್ಲದೆ ಘೋಷಿತ ಯುದ್ಧವಿಲ್ಲದ ದಿನಗಳಲ್ಲಿಯೂ ಗಾಯಗಳಾಗುತ್ತಲೇ ಇರುತ್ತವೆ. 2001ರ ಡಿಸೆಂಬರಿನಲ್ಲಿ ಸಂಸತ್ತಿನ ಮೇಲೆ ದಾಳಿ ನಡೆದ ಬಳಿಕ ಗಡಿಯುದ್ದಕ್ಕೂ ಸೇನೆ ಜಮಾವಣೆಯಾಗಿ ಲಕ್ಷಾಂತರ ನೆಲಬಾಂಬುಗಳನ್ನು ಹುಗಿಯಿತು. ಕದನವೇ ನಡೆಯದ ಆ ತಿಂಗಳುಗಳಲ್ಲಿ ಬಾಂಬು ಹುಗಿಯುವಾಗ, ತೆಗೆಯುವಾಗ ಯೋಧರು ಸತ್ತರು, ಕಾಲು ಕಳೆದುಕೊಂಡರು. 1984ರಿಂದ ನಮ್ಮ ಪಡೆಗಳು ನೆಲೆನಿಂತಿರುವ ಸಿಯಾಚಿನ್‌ನಲ್ಲಿ ಹಿಮಗಡಿತದಿಂದ ಬೆರಳುಗಳನ್ನು ಕಳೆದುಕೊಳ್ಳುವವರಿದ್ದಾರೆ. ಗಡಿ ನುಸುಳುಕೋರರ ವಿರುದ್ಧದ ಕಾರ್ಯಾಚರಣೆ, ತರಬೇತಿ, ಬೆಟ್ಟದ ರಸ್ತೆಯಲ್ಲಿ ಉರುಳುವ ವಾಹನ, ಇವೆಲ್ಲವೂ ಸುದ್ದಿಯಲ್ಲಿ ಒಂದೆರಡು ಸಾಲಿಗೆ ಮುಗಿಯುತ್ತವೆ. ಒಂದು ಮನೆಯಲ್ಲಿ ನಲವತ್ತು ವರ್ಷ ಉಳಿಯುತ್ತವೆ.

ಅವರಿಗೆ ಪಿಂಚಣಿ ಬರುತ್ತಲ್ಲ, ಎಷ್ಟು ಬರುತ್ತೆ?

ಎರಡು ಬಗೆಗಳನ್ನು ಬೇರೆ ಮಾಡಿಕೊಂಡರೆ ವಿಷಯ ಸುಲಭವಾಗುತ್ತದೆ. ಸೇವೆಯಿಂದ ಉಂಟಾದ ಅಥವಾ ಸೇವೆಯಿಂದ ಉಲ್ಬಣಿಸಿದ ಗಾಯ, ಕಾಯಿಲೆಗಳಿಗೆ ಸಿಗುವುದು ಅಂಗವೈಕಲ್ಯ ಪಿಂಚಣಿ. ಇದರಲ್ಲಿ ಸೇವೆಗೆ ಸಲ್ಲುವ ಅಂಶ ಒಂದು, ವೈಕಲ್ಯಕ್ಕೆ ಸಲ್ಲುವ ಅಂಶ ಇನ್ನೊಂದು, ವೈಕಲ್ಯ ಶೇ. 100 ಎಂದು ನಿರ್ಧಾರವಾದರೆ ಎರಡನೆಯ ಅಂಶ ಕೊನೆಯ ವೇತನದ ಶೇ. 30ರಷ್ಟು. ಶತ್ರುವಿನೊಡನೆ ನಡೆದ ಕದನದಲ್ಲಿ ಅಥವಾ ಅದಕ್ಕೆ ಸಮನಾದ ಕಾರ್ಯಾಚರಣೆಯಲ್ಲಿ ಆದ ಗಾಯಕ್ಕೆ ಸಿಗುವುದು ಯುದ್ಧಗಾಯ ಪಿಂಚಣಿ. ಅಂಥ ಗಾಯದ ಕಾರಣಕ್ಕೇ ಸೇವೆಯಿಂದ ಹೊರಬಂದವರಿಗೆ, ಅಂದರೆ ಸೈನಿಕರ ಮಾತಿನಲ್ಲಿ 'ಬೋರ್ಡ್ ಔಟ್' ಆದವರಿಗೆ, ಶೇ. 100 ವೈಕಲ್ಯವಿದ್ದರೆ ಗಾಯದ ಅಂಶ ಕೊನೆಯ ವೇತನದಷ್ಟೇ ಆಗುತ್ತದೆ. ಕೊನೆಯ ವೇತನ 40,000 ರೂಪಾಯಿ ಎಂದು ಇಟ್ಟುಕೊಂಡರೆ ಮೊದಲನೆಯದರಲ್ಲಿ ವೈಕಲ್ಯದ ಪಾಲು 12,000, ಎರಡನೆಯದರಲ್ಲಿ 40,000. ಶೇಕಡಾವಾರು ಕಡಿಮೆಯಾದಂತೆ ಮೊತ್ತವೂ ಕಡಿಮೆಯಾಗುತ್ತದೆ. ಆದ್ದರಿಂದಲೇ ಗಾಯವಾದ ದಿನದ ದಾಖಲೆಯಲ್ಲಿ ಯಾವ ಪದ ಬರೆದಿದ್ದಾರೆ ಎಂಬುದರ ಮೇಲೆ ಒಂದು ಕುಟುಂಬದ ಮುಂದಿನ ಬದುಕು ನಿಲ್ಲುತ್ತದೆ. ನಾನು ನೋಡಿರುವ ತಕರಾರುಗಳಲ್ಲಿ ಹೆಚ್ಚಿನವು ಮೊತ್ತದ ಬಗ್ಗೆಯಲ್ಲ, ಆ ಒಂದು ಪದದ ಬಗ್ಗೆ.

ಕಾಲು ಹೋದವರಿಗೆ, ಸೊಂಟದ ಕೆಳಗೆ ಸ್ವಾಧೀನ ಇಲ್ಲದವರಿಗೆ ಚಿಕಿತ್ಸೆ ಎಲ್ಲಿ ಕೊಡ್ತಾರೆ?

ಇದರ ಬಹುಭಾಗ ಪುಣೆಯಲ್ಲಿದೆ. ಸೇನೆಯ ಕೃತಕ ಅಂಗ ಕೇಂದ್ರ ಅಲ್ಲಿ 1944ರಲ್ಲಿ, ಎರಡನೆಯ ಮಹಾಯುದ್ಧದ ಗಾಯಾಳುಗಳಿಗಾಗಿ ಆರಂಭವಾಯಿತು. ಅಂಗ ಕಳೆದುಕೊಂಡ ಯೋಧರಿಗೆ ಕಸುಬು ಕಲಿಸುವ ಕ್ವೀನ್ ಮೇರಿಸ್ ಸಂಸ್ಥೆ ಇನ್ನೂ ಹಳೆಯದು. 1917ರಲ್ಲಿ ಮುಂಬಯಿಯಲ್ಲಿ ಹುಟ್ಟಿ ಆಮೇಲೆ ಪುಣೆಯ ಖಡ್ಕಿಗೆ ಬಂದಿತು. ಬೆನ್ನುಹುರಿಗೆ ಪೆಟ್ಟಾದವರಿಗಾಗಿ ಅದೇ ಖಡ್ಕಿಯಲ್ಲಿ 1974ರಿಂದ ಪುನರ್ವಸತಿ ಕೇಂದ್ರವೊಂದಿದೆ, ಮೊಹಾಲಿಯಲ್ಲಿ ಇನ್ನೊಂದಿದೆ. ನಿವೃತ್ತರ ದಿನನಿತ್ಯದ ಚಿಕಿತ್ಸೆಗೆ 2003ರಿಂದ ಇ.ಸಿ.ಎಚ್.ಎಸ್. ಎಂಬ ಆರೋಗ್ಯ ಯೋಜನೆ ಇದೆ. ವ್ಯವಸ್ಥೆ ಇಲ್ಲವೆಂದು ಹೇಳಲಾಗದು. ಆದರೆ ಇಂಡಿ ತಾಲ್ಲೂಕಿನ ಹಳ್ಳಿಯಿಂದಲೋ ಸೋಮವಾರಪೇಟೆಯ ತೋಟದ ಮನೆಯಿಂದಲೋ ಪುಣೆಗೆ ಹೋಗಿಬರುವುದೆಂದರೆ ಜೊತೆಗೊಬ್ಬರು ಬೇಕು, ಆ ಜೊತೆಗಾರರ ಒಂದು ವಾರದ ಕೂಲಿ ಬಿಡಬೇಕು.

ಕೃತಕ ಕಾಲು ಹಾಕಿದ ಮೇಲೆ ಎಲ್ಲ ಸರಿಹೋಯ್ತಲ್ಲವೇ?

ನನಗೆ ಪರಿಚಿತರಾದ ನಿವೃತ್ತ ಹವಾಲ್ದಾರರೊಬ್ಬರಿಗೆ ಎಡಗಾಲು ಮಂಡಿಯ ಕೆಳಗೆ ಇಲ್ಲ. ಬೆಳಗ್ಗೆ ಅವರು ಮೋಟುಗಾಲಿಗೆ ಒಂದು ಕಾಲುಚೀಲ ತೊಡಿಸಿ ಅದನ್ನು ಕೃತಕ ಕಾಲಿನ ಬಟ್ಟಲೊಳಗೆ ಇಳಿಸುತ್ತಾರೆ. ದಿನ ಏರಿದಂತೆ ಮೋಟು ಸ್ವಲ್ಪ ಕುಗ್ಗುತ್ತದೆ, ಬಟ್ಟಲು ಸಡಿಲವಾಗುತ್ತದೆ. ಮಧ್ಯಾಹ್ನ ಎರಡನೆಯ ಕಾಲುಚೀಲ, ಸಂಜೆಗೆ ಮೂರನೆಯದು. ಮಳೆಗಾಲದಲ್ಲಿ ಬೆವರಿ ಚರ್ಮ ಸುಲಿದರೆ ಎಂಟು ದಿನ ಕಾಲು ತೊಡುವಂತಿಲ್ಲ. ಕೆಲವು ವರ್ಷಗಳಿಗೊಮ್ಮೆ ಮೋಟಿನ ಆಕಾರವೇ ಬದಲಾಗಿ ಬಟ್ಟಲನ್ನು ಹೊಸದಾಗಿ ಅಳತೆ ಕೊಟ್ಟು ಮಾಡಿಸಬೇಕು. ಇಲ್ಲದ ಹೆಬ್ಬೆರಳಿನಲ್ಲಿ ರಾತ್ರಿ ತುರಿಕೆಯಾಗುತ್ತದೆ ಎಂದು ಅವರು ಹೇಳಿದಾಗ ಮೊದಲ ಸಲ ನನಗೆ ನಂಬಲಾಗಿರಲಿಲ್ಲ. ಅದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ ಎಂದು ಆಮೇಲೆ ತಿಳಿಯಿತು. ಬೆನ್ನುಹುರಿಗೆ ಪೆಟ್ಟಾದವರದಂತೂ ಬೇರೆಯೇ ಲೋಕ. ಹಾಸಿಗೆ ಹುಣ್ಣಾಗದಂತೆ ರಾತ್ರಿಯೂ ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಮೂತ್ರದ ಸೋಂಕು ತಗಲದಂತೆ ಜೀವಮಾನವಿಡೀ ಎಚ್ಚರವಹಿಸಬೇಕು.

## ಜನರ ಮನೋಭಾವದ ಬಗ್ಗೆ

ಹುತಾತ್ಮರಾದರೆ ಊರಿಗೆ ಊರೇ ಸೇರುತ್ತೆ, ಬದುಕಿ ಬಂದವರನ್ನು ಯಾಕೆ ಯಾರೂ ಕೇಳಲ್ಲ?

ಇದು ನನ್ನನ್ನು ಬಹಳ ಕಾಡಿದ ಪ್ರಶ್ನೆ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಹಿಮಕುಸಿತವಾಗಿ ಹತ್ತು ಮಂದಿ ಹೂತುಹೋದರು. ಆರು ದಿನಗಳ ಬಳಿಕ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಜೀವಂತ ಸಿಕ್ಕಿದಾಗ ನಾಡಿನ ಗುಡಿ, ಮಸೀದಿ, ಚರ್ಚುಗಳಲ್ಲಿ ಪ್ರಾರ್ಥನೆಗಳಾದವು. ಫೆಬ್ರುವರಿ 11ರಂದು ಅವರು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಅಪರಿಚಿತರೂ ಕಣ್ಣೀರಿಟ್ಟರು. ಆ ಭಾವನೆಯಲ್ಲಿ ಎಳ್ಳಷ್ಟೂ ಸುಳ್ಳಿರಲಿಲ್ಲ. ಆ ದಿನಗಳಲ್ಲಿ ಸಹಾಯ ಮಾಡುತ್ತೇವೆಂದು ಮುಂದೆ ಬಂದ ಜನರ ಪ್ರಮಾಣ ಕಂಡೇ ಸೇನೆಯು ಕದನ ಗಾಯಾಳುಗಳ ಕಲ್ಯಾಣ ನಿಧಿಯನ್ನು 2017ರಲ್ಲಿ ತೆರೆಯಿತು. ಆದರೆ ಹನುಮಂತಪ್ಪನವರು ಉಳಿದು, ಹಿಮದ ಪೆಟ್ಟಿನಿಂದ ಜರ್ಜರಿತವಾದ ದೇಹ ಹೊತ್ತು ಬೆಟದೂರಿಗೆ ಮರಳಿದ್ದರೆ ಹತ್ತನೆಯ ವರ್ಷ ಅವರ ಮನೆಯ ಬಾಗಿಲು ಯಾರು ತಟ್ಟುತ್ತಿದ್ದರು ಎಂದು ಯೋಚಿಸಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಕಾರಣ ನಮ್ಮ ಪರಂಪರೆಯಲ್ಲಿಯೂ ಇದೆ ಎಂದು ನನಗನ್ನಿಸುತ್ತದೆ. ಕನ್ನಡ ನಾಡಿನಷ್ಟು ವೀರಗಲ್ಲುಗಳು ಸಿಗುವ ಪ್ರದೇಶ ಅಪರೂಪ. ತುರುಗಳನ್ನು ಬಿಡಿಸಲು ಹೋಗಿ ಬಿದ್ದವನನ್ನು ಕೆಳಗಿನ ಪಟ್ಟಿಕೆಯಲ್ಲಿ ಕಾದುತ್ತಿರುವಂತೆ, ನಡುವಿನಲ್ಲಿ ಅಪ್ಸರೆಯರು ಒಯ್ಯುತ್ತಿರುವಂತೆ, ಮೇಲೆ ಲಿಂಗದೆದುರು ಕುಳಿತಿರುವಂತೆ ಕೆತ್ತಿದರು. ಬಿದ್ದವನ ಮನೆಯವರಿಗೆ ಹೊಲ ಬಿಟ್ಟುಕೊಟ್ಟರು. ನೆತ್ತರುಗೊಡಗೆ, ಕಲ್ನಾಡು ಎಂಬ ಮಾತುಗಳು ಶಾಸನಗಳಲ್ಲಿ ಉದ್ದಕ್ಕೂ ಬರುತ್ತವೆ. ಸತ್ತವನ ಸಂಸಾರದ ಹೊಣೆ ಊರಿನದೆಂದು ಒಪ್ಪಿಕೊಂಡ ದೊಡ್ಡ ನಡೆ ಅದು. ಕೈ ಕಡಿಸಿಕೊಂಡು ಮನೆಗೆ ಮರಳಿದವನಿಗೆ ಮಾತ್ರ ಆ ಕಲ್ಲಿನ ಮೂರು ಪಟ್ಟಿಕೆಗಳಲ್ಲಿ ಎಲ್ಲಿಯೂ ಜಾಗವಿಲ್ಲ. ಇಂದಿಗೂ ಮಡಿದವರಿಗೆ 'ಹುತಾತ್ಮ' ಎಂಬ ಪದ ಎಲ್ಲರ ನಾಲಿಗೆಯಲ್ಲಿದೆ, ಗಾಯಗೊಂಡು ಬದುಕಿದವರಿಗೆ ಜನರ ಬಾಯಲ್ಲಿ ಅಂಥ ಒಂದು ಪದವಿಲ್ಲ. ಕಾರ್ಗಿಲ್‌ನ ಪಾಯಿಂಟ್ 4875ರಲ್ಲಿ ಮಡಿದ ಕ್ಯಾಪ್ಟನ್ ವಿಕ್ರಮ್ ಬಾತ್ರಾ ಅವರ ಹೆಸರನ್ನು ಶಾಲೆಯ ಮಕ್ಕಳೂ ಬಲ್ಲರು. ಅದೇ ಕಾದಾಟದಲ್ಲಿ ಗ್ರೆನೇಡ್ ಸಿಡಿದು ಕಾಲುಗಳಿಗೆ ತೀವ್ರ ಗಾಯವಾಗಿ, ಬಾತ್ರಾ ಅವರೇ ಸುರಕ್ಷಿತ ಜಾಗಕ್ಕೆ ಎಳೆದು ತಂದ ಕನ್ನಡಿಗ ಕ್ಯಾಪ್ಟನ್ ನವೀನ್ ನಾಗಪ್ಪನವರ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಸಂಬಳ ತಗೊಂಡು ಮಾಡಿದ ಕೆಲಸ ತಾನೆ, ಅಪಾಯ ಇದೆ ಅಂತ ಗೊತ್ತಿದ್ದೇ ಸೇರಿದ್ದಲ್ವಾ?

ಗೊತ್ತಿದ್ದೇ ಸೇರಿದ್ದು ನಿಜ. ಆದರೆ ಬೇರೆ ಕೆಲಸಗಳಿಗೂ ಇದಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ. ಅಪಾಯ ಕಂಡಾಗ 'ನಾನು ನಾಳೆಯಿಂದ ಬರುವುದಿಲ್ಲ' ಎಂದು ಹೇಳುವ ಹಕ್ಕು ಯೋಧನಿಗಿಲ್ಲ. ಸಂಘ ಕಟ್ಟುವ ಹಕ್ಕು, ಬಹಿರಂಗವಾಗಿ ಮಾತನಾಡುವ ಹಕ್ಕುಗಳನ್ನು ಸಂವಿಧಾನದ 33ನೇ ವಿಧಿಯಡಿ ಸಂಸತ್ತು ಸೇನೆಯವರ ಮಟ್ಟಿಗೆ ಮೊಟಕುಗೊಳಿಸಿದೆ, ಮತ್ತು ಶಿಸ್ತಿನ ದೃಷ್ಟಿಯಿಂದ ಅದು ಅಗತ್ಯವೇ ಇರಬಹುದು. ಇಷ್ಟನ್ನು ಬಿಟ್ಟುಕೊಟ್ಟವನಿಗೆ ಪ್ರತಿಯಾಗಿ ಸಮಾಜ ಕೊಟ್ಟಿರುವ ಮಾತು ಒಂದೇ: ನಿನಗೇನಾದರೂ ಆದರೆ ನಿನ್ನನ್ನೂ ನಿನ್ನ ಮನೆಯವರನ್ನೂ ನಾವು ನೋಡಿಕೊಳ್ಳುತ್ತೇವೆ. ಸಂಬಳವು ದುಡಿದ ದಿನಗಳಿಗೆ ಸಂದದ್ದು. ಕಳೆದುಹೋದ ಕಾಲಿಗೆ ಸಲ್ಲಬೇಕಾದದ್ದು ಬೇರೆಯ ಲೆಕ್ಕ.

ಒಕ್ಕಣೆ ಯಂತ್ರಕ್ಕೆ ಕೈ ಸಿಕ್ಕಿದ ಕೂಲಿಯವನಿಗೆ ಏನೂ ಇಲ್ಲ, ಯೋಧರಿಗೆ ಮಾತ್ರ ಯಾಕೆ ಇಷ್ಟೆಲ್ಲ?

ಈ ಪ್ರಶ್ನೆಯನ್ನು ನನಗೆ ಕೇಳಿದವರು ಸ್ವತಃ ಕೂಲಿಯವರ ಮನೆಯವರೇ. ಅವರ ನೋವಿನ ಎದುರು ವಾದ ಹೂಡುವುದು ನನಗಿಷ್ಟವಿಲ್ಲ. ಕಾರ್ಮಿಕರ ಪರಿಹಾರಕ್ಕೆ 1923ರಷ್ಟು ಹಿಂದೆಯೇ ಕಾನೂನು ಬಂದರೂ ಹೊಲದಲ್ಲಿ ದಿನಗೂಲಿ ದುಡಿಯುವವರ ಕೈಗೆ ಅದು ಎಟುಕುವುದು ಅಪರೂಪ. ಅದು ಅನ್ಯಾಯ. ಆದರೆ ಆ ಅನ್ಯಾಯಕ್ಕೆ ಪರಿಹಾರ ಕೂಲಿಯವರ ಪರಿಹಾರವನ್ನು ಮೇಲೆತ್ತುವುದೇ ಹೊರತು ಯೋಧರದನ್ನು ಕೆಳಗಿಳಿಸುವುದಲ್ಲ. ಇಬ್ಬರಿಗೂ ಬೇಕಾದ ಇಳಿಜಾರು ದಾರಿ, ಗಾಲಿಕುರ್ಚಿ ಹೋಗುವ ಬಾಗಿಲು, ತಾಲ್ಲೂಕು ಆಸ್ಪತ್ರೆಯಲ್ಲಿ ವ್ಯಾಯಾಮ ಚಿಕಿತ್ಸಕರು ಒಂದೇ.

ಒಂದು ಕಾಲಿಲ್ಲದವರು ಮ್ಯಾರಥಾನ್ ಓಡ್ತಾರೆ, ಪದಕ ಗೆಲ್ತಾರೆ. ಇವರು ಮನೆಯಲ್ಲಿ ಕೂತಿದ್ದಾರಲ್ಲ?

1965ರ ಯುದ್ಧದಲ್ಲಿ ಗುಂಡೇಟಿನಿಂದ ಕಾಲುಗಳ ಬಲ ಕಳೆದುಕೊಂಡ ಮುರಳಿಕಾಂತ್ ಪೇಟ್ಕರ್ 1972ರ ಹೈಡೆಲ್‌ಬರ್ಗ್ ಪ್ಯಾರಾಲಿಂಪಿಕ್ಸ್‌ನಲ್ಲಿ ಈಜಿ ಚಿನ್ನ ಗೆದ್ದರು. ಪದ್ಮಶ್ರೀ ಬಂದದ್ದು 2018ರಲ್ಲಿ, 46 ವರ್ಷ ಕಳೆದ ಮೇಲೆ. ಅದೇ 1965ರಲ್ಲಿ ಕಾಲು ಕಳೆದುಕೊಂಡ ವಿಜಯ್ ಒಬೆರಾಯ್ ಮುಂದೆ ಭೂಸೇನೆಯ ಉಪಮುಖ್ಯಸ್ಥರಾದರು. 1971ರಲ್ಲಿ ನೆಲಬಾಂಬಿಗೆ ಸಿಕ್ಕ ಕಾಲನ್ನು ತಮ್ಮದೇ ಖುಕ್ರಿಯಿಂದ ಕತ್ತರಿಸಿಕೊಂಡ ಇಯಾನ್ ಕಾರ್ಡೋಜೊ ಬೆಟಾಲಿಯನ್ನನ್ನೂ ಬ್ರಿಗೇಡನ್ನೂ ಮುನ್ನಡೆಸಿದರು. 2002ರಲ್ಲಿ ನೆಲಬಾಂಬಿಗೆ ಕಾಲು ಕಳೆದುಕೊಂಡ ನಾಗಾಲ್ಯಾಂಡಿನ ಹೊಕಾಟೊ ಸೆಮಾ 2024ರ ಪ್ಯಾರಿಸ್ ಕೂಟದಲ್ಲಿ ಗುಂಡೆಸೆತದ ಕಂಚು ತಂದರು. ಇವರೆಲ್ಲರಿಗೂ ಕೈಮುಗಿಯೋಣ. ಆದರೆ ಅವರ ಸಾಧನೆಯನ್ನು ಅಳತೆಗೋಲಾಗಿ ಹಿಡಿದು ಇತರರ ಮುಂದೆ ನಿಲ್ಲಬಾರದು. ಕುತ್ತಿಗೆಯಲ್ಲಿ ಬೆನ್ನುಹುರಿ ತುಂಡಾದವನು ಲೋಟ ಎತ್ತಿ ನೀರು ಕುಡಿದರೆ ಅದು ಅವನ ಮಟ್ಟಿಗೆ ತಿಂಗಳುಗಳ ಸಾಧನೆ, ಅದಕ್ಕೆ ಪದಕವಿಲ್ಲ. ಮನೆಯಲ್ಲಿ ಕೂತವರು ಕೂತಿರಲಿ. ಆರೈಕೆಯ ಹಕ್ಕಿಗೆ ಸ್ಫೂರ್ತಿ ಕೊಡುವ ಷರತ್ತಿಲ್ಲ.

ನಾವು ವರ್ಷಾ ವರ್ಷಾ ಸನ್ಮಾನ ಮಾಡ್ತೀವಲ್ಲ, ಅದು ಸಾಲದೇ?

ಡಿಸೆಂಬರ್ 7ರ ಧ್ವಜ ದಿನದಂದು ನಡೆದ ಒಂದು ಸಮಾರಂಭದಲ್ಲಿ ನಾನೂ ಇದ್ದೆ. ಮೇಲೆ ಹೇಳಿದ ಹವಾಲ್ದಾರರನ್ನು ವೇದಿಕೆಗೆ ಕರೆದರು. ಐದು ಮೆಟ್ಟಿಲು, ಹಿಡಿದುಕೊಳ್ಳಲು ಒಂದು ಬದಿಯಲ್ಲಿ ಕಟ್ಟಿದ ಬಿದಿರು. ಅದನ್ನು ಹಿಡಿದು ಹತ್ತಿದರು. ಶಾಲು ಹೊದಿಸಿದರು, ಪೇಟ ತೊಡಿಸಿದರು, ಹಾರ ಹಾಕಿದರು, ಎರಡೂ ಕೈಗಳಿಗೆ ಹಣ್ಣಿನ ಬುಟ್ಟಿ ಕೊಟ್ಟರು. ಇಳಿಯುವಾಗ ಬಿದಿರು ಹಿಡಿಯಲು ಅವರಿಗೆ ಕೈ ಉಳಿದಿರಲಿಲ್ಲ. ಸುಮ್ಮನೆ ವೇದಿಕೆಯ ಅಂಚಿನಲ್ಲಿ ನಿಂತರು, ಯಾರನ್ನೂ ಕರೆಯಲಿಲ್ಲ. ಕೊನೆಗೆ ಮುಂದಿನ ಸಾಲಿನಲ್ಲಿದ್ದ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ಹೋಗಿ 'ಬುಟ್ಟಿ ಕೊಡಿ ಅಜ್ಜ' ಎಂದು ಇಸಿದುಕೊಂಡಳು. ಸಂಘಟಕರು ಒಳ್ಳೆಯವರೇ, ಆ ಐದು ಮೆಟ್ಟಿಲುಗಳ ಬಗ್ಗೆ ಅವರಿಗೆ ಹೊಳೆದಿರಲಿಲ್ಲ, ಅಷ್ಟೆ. ಗೌರವವೆಂದರೆ ಎತ್ತರದಲ್ಲಿ ಕೂರಿಸುವುದು ಎಂದು ನಾವು ತಿಳಿದಿದ್ದೇವೆ. ಸನ್ಮಾನ ಬೇಡವೆಂದು ನಾನು ಹೇಳುವುದಿಲ್ಲ, ಅದನ್ನು ನೆಲದ ಮೇಲೆಯೂ ಮಾಡಬಹುದು ಎನ್ನುತ್ತೇನೆ.

ಮೈಮೇಲೆ ಗಾಯವೇ ಇಲ್ಲ, ಮಾನಸಿಕ ಅಂತಾರೆ. ಅದನ್ನು ನಂಬೋದು ಹೇಗೆ?

ಸಿಡಿತದ ಅಲೆಗೆ ಸಿಕ್ಕಿದ ಮಿದುಳಿಗೆ ಆದ ಪೆಟ್ಟು ಹೊರಗೆ ಕಾಣುವುದಿಲ್ಲ. ದೀಪಾವಳಿಯ ಪಟಾಕಿ ಸದ್ದಿಗೆ ಮಂಚದ ಕೆಳಗೆ ಸೇರುವ ಮನುಷ್ಯ ಮರುದಿನ ಬೆಳಗ್ಗೆ ಎಲ್ಲರಂತೆಯೇ ಕಾಣುತ್ತಾನೆ. ನಮ್ಮ ಹಳ್ಳಿಗಳಲ್ಲಿ ಇದಕ್ಕೆ 'ಮಿಲಿಟರಿ ಸಿಟ್ಟು' ಎಂದೋ 'ಕುಡಿತದ ಚಟ' ಎಂದೋ ಹೆಸರಿಟ್ಟು ಮುಗಿಸುತ್ತಾರೆ. ಯೋಧರೂ ಬಾಯಿ ಬಿಡುವುದಿಲ್ಲ, ಏಕೆಂದರೆ ಮನೋರೋಗವೆಂದು ದಾಖಲಾದರೆ ಬಡ್ತಿಗೂ ಮಾನಕ್ಕೂ ಕುತ್ತು ಎಂಬ ಭಯ ಸೇವೆಯಲ್ಲಿದ್ದಾಗಿನಿಂದಲೇ ಬೇರೂರಿರುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶನದಲ್ಲಿ ನಡೆಯುವ ಟೆಲಿ ಮಾನಸ್ ಸಹಾಯವಾಣಿಗೆ 14416ಕ್ಕೆ ಕರೆ ಮಾಡಬಹುದು. ಸೇನೆಯವರಿಗಾಗಿಯೇ ಅದರ ಪ್ರತ್ಯೇಕ ಘಟಕವೊಂದು 2023ರ ಡಿಸೆಂಬರಿನಲ್ಲಿ ಪುಣೆಯಲ್ಲಿ ಆರಂಭವಾಗಿದೆ. ಸಂಕೋಚವಿದ್ದರೆ ಮನೆಯವರು ಕರೆ ಮಾಡಿ ಮಾತನಾಡಬಹುದು.

ನೋಡಿಕೊಳ್ಳೋದು ಹೆಂಡತಿಯ ಧರ್ಮ ಅಲ್ವಾ, ಅದಕ್ಕೂ ದುಡ್ಡು ಕೊಡಬೇಕೇ?

ಪೂರ್ತಿ ವೈಕಲ್ಯವಿದ್ದು ಸದಾ ಇನ್ನೊಬ್ಬರ ನೆರವು ಬೇಕಾದವರಿಗೆ ನಿರಂತರ ಪರಿಚಾರಕ ಭತ್ಯೆ ಎಂಬುದಿದೆ. ಏಳನೆಯ ವೇತನ ಆಯೋಗದ ಬಳಿಕ ಅದು ತಿಂಗಳಿಗೆ 6,750 ರೂಪಾಯಿ ಎಂದು ನಿಗದಿಯಾಯಿತು, ತುಟ್ಟಿಭತ್ಯೆ ಏರಿದಂತೆ ಹಂತಹಂತವಾಗಿ ಏರುತ್ತದೆ. ಆ ಹಣದಲ್ಲಿ ಬೆಂಗಳೂರಿನಲ್ಲಿ ಹಗಲಿಗೊಬ್ಬ ಸಹಾಯಕರನ್ನು ಇಟ್ಟುಕೊಳ್ಳುವುದೂ ಆಗದು. ಉಳಿದ ದುಡಿಮೆಯೆಲ್ಲ ಹೆಂಡತಿಯದು, ತಾಯಿಯದು, ಎಷ್ಟೋ ಕಡೆ ಓದು ಬಿಟ್ಟ ಮಗಳದು. ಇಪ್ಪತ್ತೆರಡನೆಯ ವಯಸ್ಸಿಗೆ ಈ ಕೆಲಸಕ್ಕೆ ನಿಂತ ಹೆಣ್ಣುಮಗಳೊಬ್ಬರಿಗೆ ಈಗ ನಲವತ್ತೇಳು. 'ನನ್ನ ಬೆನ್ನಿಗೆ ಯಾವ ಪಿಂಚಣಿ ಅಣ್ಣಾ?' ಎಂದು ಅವರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಪ್ರೀತಿಯಿಂದ ಮಾಡಿದ ಕೆಲಸವೂ ಕೆಲಸವೇ.

## ನಿಯಮ, ಹಣ, ವಿವಾದ

ಬಿ.ಪಿ., ಶುಗರ್ ಬಂದ ದೊಡ್ಡ ಆಫೀಸರುಗಳೂ ಅಂಗವೈಕಲ್ಯ ಪಿಂಚಣಿ ತಗೋತಾರಂತೆ, ಇದು ಮೋಸ ಅಲ್ವಾ?

ಇದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ನಿವೃತ್ತರಾಗುವ ಸಾಮಾನ್ಯ ಸೈನಿಕರಿಗಿಂತ ಅಧಿಕಾರಿಗಳಲ್ಲಿ ಅಂಗವೈಕಲ್ಯ ಪಿಂಚಣಿ ಪಡೆಯುವವರ ಪ್ರಮಾಣ ಹೆಚ್ಚಿದೆ ಎಂದು ಮಹಾಲೇಖಪಾಲರ ವರದಿಯೊಂದು 2023ರಲ್ಲಿ ಎತ್ತಿ ತೋರಿಸಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸರ್ಕಾರ ಅರ್ಹತೆಯ ನಿಯಮಗಳನ್ನು ಹೊಸದಾಗಿ ಬರೆದು, ಜೀವನಶೈಲಿಯ ಕಾಯಿಲೆಗಳ ವಿಷಯದಲ್ಲಿ ಷರತ್ತುಗಳನ್ನು ಬಿಗಿಗೊಳಿಸಿತು. ಮಾಜಿ ಸೈನಿಕರ ಸಂಘಟನೆಗಳು ಇದನ್ನು ಬಲವಾಗಿ ವಿರೋಧಿಸಿದವು. ವಿರೋಧಕ್ಕೆ ಆಧಾರವೂ ಇದೆ: 18,000 ಅಡಿಯಲ್ಲಿ ತಿಂಗಳುಗಟ್ಟಲೆ ಇದ್ದವನ, ವರ್ಷಗಳ ಕಾಲ ನಿದ್ದೆಗೆಟ್ಟು ಕಾವಲು ನಿಂತವನ ರಕ್ತದೊತ್ತಡಕ್ಕೂ ಸೇವೆಗೂ ಸಂಬಂಧವಿಲ್ಲವೆಂದು ಕಣ್ಣುಮುಚ್ಚಿ ಹೇಳಲಾಗದು.

ನನ್ನ ಅಭಿಪ್ರಾಯ ಹೀಗಿದೆ. ಸುಳ್ಳು ಹಕ್ಕುದಾರಿಕೆ ಇದ್ದರೆ ಅದನ್ನು ಹಿಡಿಯಲೇಬೇಕು, ಹಿಡಿಯಬೇಕಾದ ಜಾಗ ವೈಕಲ್ಯವನ್ನು ಅಳೆಯುವ ವೈದ್ಯಕೀಯ ಮಂಡಳಿ. ಆದರೆ ಸಂಶಯವೆಂಬುದು ಮೇಲಿನಿಂದ ಸುರಿದರೆ ಕೆಳಗಿನವರ ಮೇಲೆಯೇ ಹೆಚ್ಚು ಬೀಳುತ್ತದೆ. ವಕೀಲರನ್ನು ಇಡಲು ಶಕ್ತರಾದವರು ಹೇಗೋ ಪಾರಾಗುತ್ತಾರೆ. ಸೀಳುಗುಂಡಿನ ಚೂರು ಇನ್ನೂ ತೊಡೆಯಲ್ಲಿರುವ ಸಿಪಾಯಿಯನ್ನು ಬ್ಯಾಂಕಿನ ಸಾಲಿನಲ್ಲಿ 'ನಿಮಗೆ ನಿಜವಾಗಿ ಏನಾಗಿದೆ?' ಎಂದು ಕೇಳುತ್ತಾರೆ. ಸೇನೆಯೇ 2018ನ್ನು ಕರ್ತವ್ಯದಲ್ಲಿ ಅಂಗವಿಕಲರಾದ ಯೋಧರ ವರ್ಷವೆಂದು ಆಚರಿಸಿತ್ತು; ಐದು ವರ್ಷಗಳಲ್ಲಿ ಮಾತಿನ ಧಾಟಿ ಎಷ್ಟು ಬದಲಾಯಿತು ಎಂಬುದನ್ನು ಗಮನಿಸಬೇಕು.

ಸರ್ಕಾರವೇ ಗಾಯಗೊಂಡ ಯೋಧರ ವಿರುದ್ಧ ಕೋರ್ಟಿಗೆ ಹೋಗುತ್ತಾ?

ಹೋಗಿದೆ, ಅದೂ ಅನೇಕ ಸಲ. ಧರಮ್‌ವೀರ್ ಸಿಂಗ್ ಎಂಬ ಸಿಗ್ನಲ್ಸ್ ವಿಭಾಗದ ಸಿಪಾಯಿ 1985ರಲ್ಲಿ ಸೇರಿ 1994ರಲ್ಲಿ ಅಪಸ್ಮಾರದ ಕಾರಣಕ್ಕೆ ಬೋರ್ಡ್ ಔಟ್ ಆದರು. ಸೇವೆಗೂ ಕಾಯಿಲೆಗೂ ಸಂಬಂಧವಿಲ್ಲವೆಂದು ಪಿಂಚಣಿ ನಿರಾಕರಿಸಲಾಯಿತು. ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟದ್ದು 2013ರಲ್ಲಿ. ಭರ್ತಿಯಾಗುವಾಗ ಆರೋಗ್ಯವಂತನೆಂದು ದಾಖಲೆಯಿದ್ದರೆ ಆಮೇಲಿನ ಕಾಯಿಲೆ ಸೇವೆಯಿಂದಲೇ ಬಂದದ್ದೆಂದು ಭಾವಿಸಬೇಕು, ಅಲ್ಲವೆಂದು ಸಾಬೀತುಪಡಿಸುವ ಹೊರೆ ಸರ್ಕಾರದ್ದು ಎಂಬುದು ಆ ತೀರ್ಪಿನ ಸಾರ. ಅದಕ್ಕಾಗಿ ಒಬ್ಬ ಸಿಪಾಯಿ 19 ವರ್ಷ ಕಾದರು.

ಎರಡನೆಯದು ರಾಮ್ ಅವತಾರ್ ಪ್ರಕರಣ. ವೈಕಲ್ಯವನ್ನು ಶೇ. 50, 75, 100 ಎಂಬ ಮೆಟ್ಟಿಲುಗಳಿಗೆ ಏರಿಸಿ ಲೆಕ್ಕಹಾಕುವ ಸೌಲಭ್ಯವನ್ನು, ಉದಾಹರಣೆಗೆ ಶೇ. 30 ಇದ್ದರೆ 50 ಎಂದು ಪರಿಗಣಿಸುವುದನ್ನು, ಸರ್ಕಾರ ಬೋರ್ಡ್ ಔಟ್ ಆದವರಿಗೆ ಮಾತ್ರ ಕೊಡುತ್ತಿತ್ತು. ಗಾಯದೊಂದಿಗೇ ಸೇವಾವಧಿ ಪೂರೈಸಿದವರಿಗೂ ಅದು ಸಲ್ಲಬೇಕೆಂದು 2014ರ ಡಿಸೆಂಬರಿನಲ್ಲಿ ತೀರ್ಪಾಯಿತು, ಸರ್ಕಾರದ ನೂರಾರು ಮೇಲ್ಮನವಿಗಳು ಒಟ್ಟಿಗೆ ಬಿದ್ದುಹೋದವು. ರಕ್ಷಣಾ ಸಚಿವರಾಗಿದ್ದ ಮನೋಹರ ಪರ್ರಿಕರ್ 2015ರಲ್ಲಿ ನೇಮಿಸಿದ ತಜ್ಞರ ಸಮಿತಿ ಇಂಥ ಮೇಲ್ಮನವಿಗಳನ್ನು ಕೈಬಿಡಬೇಕೆಂದು ಶಿಫಾರಸು ಮಾಡಿತು. ಆದರೂ ಈ ವ್ಯಾಜ್ಯಗಳು ನಿಂತಿಲ್ಲ. ಸಶಸ್ತ್ರ ಪಡೆಗಳ ನ್ಯಾಯಮಂಡಳಿಯಲ್ಲಿ ಗೆದ್ದವರನ್ನೂ ಹೈಕೋರ್ಟಿಗೆ ಎಳೆಯುವುದನ್ನು ಕಂಡಿದ್ದೇನೆ. ಜನ ಇದರ ಬಗ್ಗೆ ಮೌನವಾಗಿರುವುದಕ್ಕೆ ಕಾರಣ ಉದಾಸೀನವಲ್ಲ. ಹೀಗೂ ನಡೆಯುತ್ತದೆ ಎಂದು ಹೆಚ್ಚಿನವರಿಗೆ ಗೊತ್ತೇ ಇಲ್ಲ.

ಆ ಪಿಂಚಣಿಗೆ ತೆರಿಗೆ ಹಾಕಿದರೆ ತಪ್ಪೇನು?

ಬಹಳ ಹಿಂದಿನಿಂದ ವಿನಾಯಿತಿ ಇತ್ತು. 2019ರ ಜೂನ್ 24ರ ಸುತ್ತೋಲೆಯಲ್ಲಿ ಕೇಂದ್ರೀಯ ನೇರ ತೆರಿಗೆ ಮಂಡಳಿಯು ವಿನಾಯಿತಿ ಬೋರ್ಡ್ ಔಟ್ ಆದವರಿಗೆ ಮಾತ್ರ, ವಯಸ್ಸಾಗಿ ನಿವೃತ್ತರಾದವರಿಗಲ್ಲ ಎಂದಿತು; ವಿಷಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ತೊಡಕು ಇಲ್ಲಿದೆ: ಗಾಯಗೊಂಡ ಮೇಲೂ ಸೇವೆ ಬಿಡದೆ ಕೃತಕ ಕಾಲಿನಲ್ಲಿ ಇಪ್ಪತ್ತು ವರ್ಷ ದುಡಿದವನು, ಹಾಗೆ ದುಡಿದ ಕಾರಣಕ್ಕೇ ಸೌಲಭ್ಯ ಕಳೆದುಕೊಳ್ಳುತ್ತಾನೆ. ಇದು ನ್ಯಾಯವೆಂದು ನನಗೆ ಒಪ್ಪಲಾಗುವುದಿಲ್ಲ.

ತರಬೇತಿಯಲ್ಲೇ ಗಾಯವಾದರೆ? ಅಗ್ನಿವೀರರಿಗೆ ಏನು ಸಿಗುತ್ತೆ?

ಸೇನಾ ಅಕಾಡೆಮಿಗಳಲ್ಲಿ ತರಬೇತಿಯ ವೇಳೆ ಬಿದ್ದು ಶಾಶ್ವತವಾಗಿ ಅಂಗವಿಕಲರಾದ ಕೆಡೆಟ್‌ಗಳು ಅಧಿಕಾರಿಯಾಗಿ ನೇಮಕಗೊಂಡಿರದ ಕಾರಣಕ್ಕೆ ಮಾಜಿ ಸೈನಿಕರೆಂಬ ಪಟ್ಟವೇ ಅವರಿಗೆ ಸಿಗದು, ಪಿಂಚಣಿಯ ಬದಲು ಅನುಗ್ರಹ ಧನವಷ್ಟೇ ಸಿಗುತ್ತದೆ. 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡ ಮೇಲೆ ಅವರಿಗೆ ಇ.ಸಿ.ಎಚ್.ಎಸ್. ಚಿಕಿತ್ಸೆಯ ಬಾಗಿಲು ತೆರೆಯಿತು. ಹದಿನೆಂಟರ ಹುಡುಗನೊಬ್ಬ ದೇಶಕ್ಕಾಗಿ ಹೊರಟು, ಕವಾಯತು ಮೈದಾನದಲ್ಲಿ ಕುತ್ತಿಗೆ ಮುರಿದುಕೊಂಡು, ಜೀವನಪೂರ್ತಿ ತಂದೆತಾಯಿಯ ಉಳಿತಾಯದ ಮೇಲೆ ಮಲಗಿರಬೇಕಾಗಿ ಬಂದಿತ್ತು. 2022ರ ಜೂನಿನಲ್ಲಿ ಘೋಷಣೆಯಾದ ಅಗ್ನಿಪಥ ಯೋಜನೆಯಡಿ ಸೇರಿದವರಿಗೆ ಸೇವೆಯಿಂದಾದ ವೈಕಲ್ಯ ಶೇ. 100, 75, 50 ಇದ್ದಾಗ ಕ್ರಮವಾಗಿ 44 ಲಕ್ಷ, 25 ಲಕ್ಷ, 15 ಲಕ್ಷ ರೂಪಾಯಿಗಳ ಒಂದೇ ಸಲದ ಪರಿಹಾರ ನಿಗದಿಯಾಗಿದೆ. ಮೊತ್ತ ಕೇಳಲು ದೊಡ್ಡದು. ಆದರೆ ಇಪ್ಪತ್ತೆರಡರ ವಯಸ್ಸಿನಲ್ಲಿ ಬೆನ್ನುಹುರಿ ಕಳೆದುಕೊಂಡವನ ಮುಂದೆ ಇನ್ನೂ ಐವತ್ತು ವರ್ಷಗಳಿರಬಹುದು. ಬೆಲೆ ಏರಿದಂತೆ ತಾನೂ ಏರುವ ಪಿಂಚಣಿಯ ಕೆಲಸವನ್ನು ಒಂದು ಗಂಟು ಹಣ ಮಾಡಲಾರದು.

ಸಿ.ಆರ್.ಪಿ.ಎಫ್., ಬಿ.ಎಸ್.ಎಫ್. ನವರಿಗೂ ಇದೇ ನಿಯಮನಾ?

ಅಲ್ಲ. ಅವರು ಗೃಹ ಸಚಿವಾಲಯದ ಅಧೀನದವರು, ಅವರ ಪಿಂಚಣಿ ನಿಯಮಗಳು ಬೇರೆ, ಮಾಜಿ ಸೈನಿಕರಿಗಿರುವ ಅನೇಕ ಸೌಲಭ್ಯಗಳು ಅವರಿಗಿಲ್ಲ. ಜನಸಾಮಾನ್ಯರ ಕಣ್ಣಿಗೆ ಸಮವಸ್ತ್ರವೆಲ್ಲ ಒಂದೇ. ಈ ವ್ಯತ್ಯಾಸ ಗೊತ್ತಾಗುವುದು ಗಾಯವಾದ ಮೇಲೆ.

## ನಡೆನುಡಿ

ನಮ್ಮೂರಲ್ಲಿ ಒಬ್ಬರಿದ್ದಾರೆ. ನಾವೇನು ಮಾಡಬಹುದು?

ಮೊದಲು ಕಾಗದಪತ್ರ ನೋಡಿ. ಪಿಂಚಣಿ ಆದೇಶವಾದ ಪಿ.ಪಿ.ಒ. ಪ್ರತಿ ಇದೆಯೇ, ವೈದ್ಯಕೀಯ ಮಂಡಳಿಯ ವರದಿಯಲ್ಲಿ ಶೇಕಡಾವಾರು ಎಷ್ಟಿದೆ, ಮೇಲೆ ಹೇಳಿದ ಮೆಟ್ಟಿಲು ಲೆಕ್ಕ ಅನ್ವಯವಾಗಿದೆಯೇ ಎಂಬುದನ್ನು ಪರಿಶೀಲಿಸಿ. ಹಳಬರ ಕಡತಗಳಲ್ಲಿ ಎಷ್ಟೋ ಸಲ ಇದು ಬಿಟ್ಟುಹೋಗಿರುತ್ತದೆ. ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಗೆ ಒಮ್ಮೆ ಕರೆದುಕೊಂಡು ಹೋಗಿ. ವರ್ಷಕ್ಕೊಮ್ಮೆ ಕೊಡಬೇಕಾದ ಜೀವಿತ ಪ್ರಮಾಣಪತ್ರವನ್ನು ಈಗ ಮೊಬೈಲಿನಲ್ಲಿಯೇ ಸಲ್ಲಿಸಬಹುದು. ಬೆರಳು ಕಳೆದುಕೊಂಡವರಿಗೆ ಮುಖ ಗುರುತಿಸುವ ವಿಧಾನವಿದೆ ಎಂಬುದನ್ನು ತೋರಿಸಿಕೊಡಿ. ಹಾಸಿಗೆ ಹಿಡಿದವರ ಮನೆಯಾದರೆ ವಾರಕ್ಕೊಂದು ಮಧ್ಯಾಹ್ನ ನೀವು ಕೂತು ಅವರ ಹೆಂಡತಿಯನ್ನು ಸಂತೆಗೋ ತವರಿಗೋ ಕಳುಹಿಸಿಕೊಡಿ.

ಮಾತಾಡಿಸುವಾಗ ಗಾಯದ ಬಗ್ಗೆ ಕೇಳಬಹುದಾ? ಬೇಜಾರು ಮಾಡ್ಕೊಳ್ತಾರಾ?

ನಾನು ಇದೇ ಪ್ರಶ್ನೆಯನ್ನು ಹವಾಲ್ದಾರರಿಗೆ ಕೇಳಿದ್ದೆ. ಕಾಲು ಹೇಗೆ ಹೋಯಿತು ಎಂದು ಎಲ್ಲರೂ ಕೇಳುತ್ತಾರೆ, ಕೇಳಿದವರಿಗೆ ಹೇಳುತ್ತೇನೆ, ಅದರಲ್ಲಿ ಬೇಸರವಿಲ್ಲ ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಸೇನೆಯಲ್ಲಿ ನೀವು ಮಾಡುತ್ತಿದ್ದ ಕೆಲಸ ಏನು ಎಂದು ಈ ಇಪ್ಪತ್ತು ವರ್ಷಗಳಲ್ಲಿ ಒಬ್ಬರೂ ಕೇಳಿಲ್ಲ ಎಂದರು. ಅವರು ಸೇತುವೆ ಕಟ್ಟುತ್ತಿದ್ದರು. ಉಕ್ಕಿ ಹರಿಯುವ ಹೊಳೆಯ ಮೇಲೆ ಕತ್ತಲಲ್ಲಿ, ದೀಪ ಹಚ್ಚದೆ, ಕಬ್ಬಿಣದ ತುಂಡುಗಳನ್ನು ಜೋಡಿಸುವುದು ಹೇಗೆಂದು ಆ ಸಂಜೆ ಮುಕ್ಕಾಲು ಗಂಟೆ ವಿವರಿಸಿದರು, ಮೇಜಿನ ಮೇಲಿದ್ದ ಬೆಂಕಿಪೊಟ್ಟಣದ ಕಡ್ಡಿಗಳನ್ನು ಒಂದೊಂದಾಗಿ ಜೋಡಿಸುತ್ತ.